ಲಗ್ನಪತ್ರಿಕೆಯ ಜಲಯಾತ್ರೆ

ಕೋನಪ್ಪ ಮೇಷ್ಟ್ರ ತಕರಾರು ಇಷ್ಟೇ. ಲಗ್ನಪತ್ರಿಕೆ ಕೊಡಲು ಹೋದವನಿಗೆ ನಮ್ಮ ಜನ ಕುಡಿಯಲು ಏನೇನೆಲ್ಲ ಕೊಡುತ್ತಾರೆ. ಕುಡಿದದ್ದನ್ನು ಆ ಮನುಷ್ಯ ಆಮೇಲೆ ಏನು ಮಾಡಬೇಕು ಎಂದು ಮಾತ್ರ ಯಾರೂ ಯೋಚಿಸುವುದಿಲ್ಲ.

ಮಗಳು ತನುಜಳ ಮದುವೆಗೆ ಇನ್ನು ಹದಿನೆಂಟೇ ದಿನ. ಮೇಲೂರಿನಿಂದ ಬೆಳಗ್ಗೆ ಏಳಕ್ಕೆ ಹೊರಟು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಕೊನೆಗೆ ಗೌರಿಬಿದನೂರು, ಹೀಗೆ ಒಂದೇ ದಿನದಲ್ಲಿ ನಾಲ್ಕೂ ಊರು ಗೆದ್ದು ಬರುವ ದಿಗ್ವಿಜಯದ ಯೋಜನೆ ಮೇಷ್ಟ್ರದ್ದೇ. ಬಾಡಿಗೆ ಕಾರು, ಓಡಿಸಲು ಮುನೇಶ. (ಮುನೇಶನಿಗೆ ನಲವತ್ತು ದಾಟಿದೆ, ಮೀಸೆ ಬೆಳ್ಳಗಾಗಿದೆ. ಆದರೂ ಮೇಷ್ಟ್ರ ಹಳೆಯ ವಿದ್ಯಾರ್ಥಿ. ಹಾರನ್ ಹೊಡೆಯುವ ಮೊದಲು ಕನ್ನಡಿಯಲ್ಲಿ ಅವರ ಮುಖ ನೋಡುತ್ತಾನೆ.) ಹಿಂದಿನ ಸೀಟಿನಲ್ಲಿ ಮೇಷ್ಟ್ರ ಪಕ್ಕದಲ್ಲಿ ಹೆಂಡತಿ ಆದಿಲಕ್ಷ್ಮಮ್ಮ, ಮಡಿಲಲ್ಲಿ ಅರಿಶಿನ ಕುಂಕುಮದ ಬಟ್ಟಲು.

ಚಿಂತಾಮಣಿಯ ಮೊದಲ ಮನೆಯಲ್ಲಿ ಕಾಫಿ. ಎರಡನೆಯದರಲ್ಲಿ ಬಾದಾಮಿ ಹಾಲು, ದೊಡ್ಡ ಲೋಟ. ಮೂರನೆಯದರಲ್ಲಿ ನಿಂಬೆಹಣ್ಣಿನ ಪಾನಕ. "ಮದುವೆ ಮನೆಯವರು ಬರೀ ಬಾಯಲ್ಲಿ ಹೋಗಬಾರದು ಮೇಷ್ಟ್ರೇ" ಎಂದು ಎಲ್ಲ ಕಡೆಯೂ ಒಂದೇ ಮಾತು. ಹೆಂಗಸರು ಆದಿಲಕ್ಷ್ಮಮ್ಮನನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಮೇಷ್ಟ್ರು ಹಜಾರದ ಸೋಫಾದಲ್ಲಿ ಗೌರವಾನ್ವಿತರಾಗಿ ಕೂತು ಕುಡಿಯುತ್ತಿದ್ದರು. ಮೂವತ್ತೈದು ವರ್ಷ ಕನ್ನಡ ಕಲಿಸಿದ ಮನುಷ್ಯ, ಶಾಲು ಹೊದ್ದು ಬಂದವನು, ಪತ್ರಿಕೆ ಕೈಗಿಟ್ಟ ಕೂಡಲೇ "ನಿಮ್ಮ ಬಚ್ಚಲು ಎಲ್ಲಿದೆ?" ಎಂದು ಕೇಳುವುದುಂಟೆ? ಛೆ.

ಶಿಡ್ಲಘಟ್ಟದಲ್ಲಿ ಮತ್ತೆರಡು ಕಾಫಿ, ಒಂದು ಮಜ್ಜಿಗೆ. ಚಿಕ್ಕಬಳ್ಳಾಪುರದ ಮನೆಯಲ್ಲೊಂದು ಟೀ ಮುಗಿಸಿ ಕಾರು ಹತ್ತಿದ ಮೇಷ್ಟ್ರು ರಸ್ತೆಯ ಗುಂಡಿ ಎಣಿಸತೊಡಗಿದರು.

"ಯಾಕ್ರೀ ಒಂಥರಾ ಕೂತಿದ್ದೀರ?" ಎಂದರು ಆದಿಲಕ್ಷ್ಮಮ್ಮ.

"ಹೆಂಗೆ ಕೂತಿದ್ದೀನಿ? ಸರಿಯಾಗೇ ಕೂತಿದ್ದೀನಿ."

"ಕಾಲ್ಮೇಲೆ ಕಾಲು, ಅದರ ಮೇಲೆ ಪತ್ರಿಕೆ ಕಟ್ಟು. ಫೋಟೋ ತೆಗೆಸೋಕೆ ಕೂತಂಗಿದೆ."

"ಮುನೇಶ, ಸ್ವಲ್ಪ ನಿಲ್ಸಪ್ಪ," ಎಂದರು ಮೇಷ್ಟ್ರು, "ಹೂವು ತಗೋಬೇಕು."

ಹೂವಿನವಳ ಹಿಂದೆಯೇ ಇತ್ತು ಆ ಪುಣ್ಯಕ್ಷೇತ್ರ. ನೀಲಿ ಬಣ್ಣದ ಕಟ್ಟಡ, 'ಪುರುಷರು' ಎಂಬ ಬರಹ, ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ಪಕ್ಕದಲ್ಲಿ ಫಲಕ: 'ದುರಸ್ತಿ ನಿಮಿತ್ಯ ಮುಚ್ಚಲಾಗಿದೆ.' ನಿಮಿತ್ಯ ಅಲ್ಲ, ನಿಮಿತ್ತ ಎಂದು ಮೇಷ್ಟ್ರ ಮನಸ್ಸು ಆ ಸಂಕಟದಲ್ಲೂ ತಿದ್ದಿತು.

"ಅದು ಮುಚ್ಚಿ ಎರಡು ವರ್ಷ ಆಯ್ತು ಸಾಮಿ," ಎಂದಳು ಹೂವಿನವಳು. "ಆ ಕಡೆ ಬೀದೀಲಿ ಇನ್ನೊಂದಿತ್ತು, ಅದನ್ನ ಕೆಡವಿಬಿಟ್ರು."

ಫೋನಿನ ನಕ್ಷೆ ಮೂರನೆಯದೊಂದನ್ನು ತೋರಿಸಿತು. ಹುಡುಕಿಕೊಂಡು ಹೋದರೆ ಅಲ್ಲಿ ಮೊಬೈಲ್ ಅಂಗಡಿ. "ಏನ್ ಬೇಕಿತ್ತು ಸಾರ್?" ಎಂದು ಕೇಳಿದವನಿಗೆ ಏನೆಂದು ಹೇಳುವುದು? ಮೇಷ್ಟ್ರು ಚಾರ್ಜರ್‌ಗಳನ್ನು ಒಂದು ನಿಮಿಷ ಗಂಭೀರವಾಗಿ ಪರಿಶೀಲಿಸಿ ವಾಪಸಾದರು.

"ಹೂವು ಎಲ್ರೀ?"

"ಚೆನ್ನಾಗಿರ್ಲಿಲ್ಲ."

ಊರು ದಾಟಿದ ಮೇಲೆ ಪೆಟ್ರೋಲ್ ಬಂಕ್ ಸಿಕ್ಕಿತು. ಅಲ್ಲಿ ಬಾಗಿಲಿತ್ತು, ಬೀಗವಿತ್ತು. ಬೀಗದ ಕೈ ಇದ್ದವನು ಊಟಕ್ಕೆ ಹೋಗಿದ್ದ. ಇನ್ನು ಉಳಿದದ್ದು ಪ್ರಕೃತಿಮಾತೆ. ಸ್ಕಂದಗಿರಿಯ ತಪ್ಪಲಲ್ಲಿ ಕಾರು ನಿಲ್ಲಿಸಿ "ಬೆಟ್ಟ ನೋಡ್ಬೇಕು" ಎಂದು ಮೇಷ್ಟ್ರು ದ್ರಾಕ್ಷಿ ತೋಟದ ಬೇಲಿಯ ಕಡೆ ನಡೆದರು. ಸುತ್ತ ನೋಡಿದರು. ನರಪಿಳ್ಳೆ ಇಲ್ಲ. ಇನ್ನೇನು...

"ನಮಸ್ಕಾರ ಸಾರ್!"

ಬಳ್ಳಿ ಚಪ್ಪರದ ಒಳಗಿಂದ ಎರಡು ಕೈ ಮುಗಿದುಕೊಂಡು ಬಂದವು, ಅವುಗಳ ಹಿಂದೆ ಒಬ್ಬ ಮನುಷ್ಯ. "ಗುರ್ತು ಸಿಗ್ಲಿಲ್ವಾ ಸಾರ್? ಮುರಳಿಮೋಹನ್! ನಮ್ ತೋಟಕ್ಕೆ ನೀವು ಬರೋದು ಅಂದ್ರೆ! ಎಳನೀರು ಕುಡೀದೆ ಹೋದ್ರೆ ನನ್ನಾಣೆ."

ಅದನ್ನೂ ಕುಡಿದರು. ಗುರುವಿನ ಮರ್ಯಾದೆಯ ಪ್ರಶ್ನೆ.

ಕಾರು ಗೌರಿಬಿದನೂರಿನ ದಾರಿ ಹಿಡಿಯಿತು. ಬೆಟ್ಟದ ನೆತ್ತಿಯ ಮೇಲೆ ಮಧ್ಯಾಹ್ನದ ಮೋಡ ಒದ್ದೆ ಬಟ್ಟೆಯಂತೆ ಇಳಿಬಿದ್ದಿತ್ತು. ಮೇಷ್ಟ್ರಿಗೆ ಕಣ್ಣು ಮುಚ್ಚಿತೋ ತೆರೆದೇ ಇತ್ತೋ ತಿಳಿಯದು. ಹೊಲ, ಮರ, ರಸ್ತೆ ಎಲ್ಲವೂ ಮೆಲ್ಲಗೆ ತೇಲತೊಡಗಿದವು. ಮೋಡದ ನಡುವೆ ಒಂದು ಬಿಳಿಯ ಅರಮನೆ. ಗೋಡೆಗೆಲ್ಲ ಬಿಳಿ ಟೈಲ್ಸ್. ಬಾಗಿಲಿಗೆ ಬೀಗವಿಲ್ಲ, ಫಲಕವಿಲ್ಲ, ಕಾವಲುಗಾರನಿಲ್ಲ. ಒಳಗೆಲ್ಲೋ ನೀರು ಜುಳುಜುಳು ಹರಿಯುತ್ತಿದೆ. "ಬನ್ನಿ ಮೇಷ್ಟ್ರೇ, ನಿಮಗಾಗಿಯೇ ತೆರೆದಿದ್ದೇವೆ" ಎಂದು ಯಾರೋ ಅಚ್ಚಗನ್ನಡದಲ್ಲಿ, ಒಂದೂ ತಪ್ಪಿಲ್ಲದೆ ಕರೆಯುತ್ತಿದ್ದಾರೆ. ಮೇಷ್ಟ್ರು ಹೊಸ್ತಿಲ ಮೇಲೆ ಕಾಲಿಟ್ಟರು. ಮನಸ್ಸು ಹಗುರವಾಯಿತು. ಆಹಾ, ಇನ್ನೊಂದೇ ಹೆಜ್ಜೆ...

ಅಷ್ಟರಲ್ಲಿ ರಸ್ತೆಯ ಉಬ್ಬು ಬಂದು ಕಾರು ಎಗರಿತು. (ಆ ಉಬ್ಬು ಹಾಕಿಸಿದ ಪುಣ್ಯಾತ್ಮ ನೂರು ವರ್ಷ ಬಾಳಲಿ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬಾಡಿಗೆ ಕಾರಿನ ಸೀಟಿನ ಗತಿ!)

ಉಳಿದದ್ದು ಒಂದೇ ಮನೆ, ಆವುಲಪ್ಪನದು. ಆವುಲಪ್ಪ ಆದಿಲಕ್ಷ್ಮಮ್ಮನ ಅಣ್ಣ, ತನುಜಳಿಗೆ ಸೋದರಮಾವ. ಆರು ವರ್ಷದಿಂದ ಎರಡು ಮನೆಗೂ ಮಾತಿಲ್ಲ. ಆದದ್ದಿಷ್ಟು: ಆವುಲಪ್ಪ ತನ್ನ ಮಗಳ ಲಗ್ನಪತ್ರಿಕೆ ತಂದುಕೊಟ್ಟಾಗ, ಮೇಷ್ಟ್ರು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು 'ಆಶಿರ್ವಾದ'ಕ್ಕೆ ದೀರ್ಘ ಕೊಟ್ಟು, 'ಅಗಮಿಸಿ'ಯನ್ನು 'ಆಗಮಿಸಿ' ಮಾಡಿ, ಕೆಳಗೆ 'ನಾಲ್ಕು ತಪ್ಪು' ಎಂದು ಬರೆದು ಸಹಿ ಹಾಕಿ ಹಿಂದಕ್ಕೆ ಕೊಟ್ಟಿದ್ದರು. ಆವುಲಪ್ಪ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

"ಕ್ಷಮಿಸಿ ಅಂತ ಒಂದ್ಮಾತು ಹೇಳ್ರಿ," ಎಂದು ಆದಿಲಕ್ಷ್ಮಮ್ಮ ಹದಿನೈದು ದಿನದಿಂದ ಗೋಗರೆದಿದ್ದರು. "ಸೋದರಮಾವ ಇಲ್ದೆ ಹುಡುಗೀನ ಮಂಟಪಕ್ಕೆ ಯಾರ್ರೀ ಕರ್ಕೊಂಡ್ ಬರೋದು? ಅವಳೇ ನಡ್ಕೊಂಡ್ ಬರ್ಬೇಕಾ?"

"ತಪ್ಪು ಮಾಡಿದ್ದು ಅವನು. ತಿದ್ದಿದ್ದು ನಾನು. ಕ್ಷಮೆ ನಾನ್ಯಾಕೆ ಕೇಳ್ಲಿ? ನೀನು ಹೋಗಿ ಪತ್ರಿಕೆ ಕೊಡು, ನಾನು ಕಾರಲ್ಲೇ ಇರ್ತೀನಿ," ಎಂಬುದು ಮೇಷ್ಟ್ರ ಅಂತಿಮ ತೀರ್ಪಾಗಿತ್ತು.

ಈಗ ಕಾರು ಆವುಲಪ್ಪನ ಮನೆಯ ಮುಂದೆ ಪೂರ್ತಿ ನಿಂತಿರಲಿಲ್ಲ. ಮೇಷ್ಟ್ರು ಬಾಗಿಲು ತೆಗೆದು ಹಾರಿದ್ದರು. ಶಾಲು ರಸ್ತೆಗೆ ಬಿತ್ತು. ಆದಿಲಕ್ಷ್ಮಮ್ಮ ಬಾಯಿಬಿಟ್ಟು ನೋಡುತ್ತಿದ್ದಂತೆ ಗೇಟು ತಳ್ಳಿ, ಎರಡೂ ಕೈ ಜೋಡಿಸಿ, ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಆವುಲಪ್ಪನ ಎದುರು ಹೋಗಿ ನಿಂತರು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು.

"ಭಾವ..." ಎಂದರು.

ಆವುಲಪ್ಪನ ಕೈಯಿಂದ ಪೇಪರ್ ಜಾರಿತು. "ಬಾವಾ! ನುವ್ವಾ? ನೀವೇನಾ?" ಎಂದವನೇ ಎದ್ದು ಮೇಷ್ಟ್ರನ್ನು ತಬ್ಬಿಕೊಂಡ. ಆವುಲಪ್ಪ ಯೌವನದಲ್ಲಿ ಕುಸ್ತಿ ಆಡಿದವನು. ಆ ಅಪ್ಪುಗೆಗೆ ಮೇಷ್ಟ್ರ ಕಣ್ಣೀರು ಇಮ್ಮಡಿಯಾಯಿತು.

"ಲಕ್ಷ್ಮೀ, ನೋಡಮ್ಮಾ, ನಿನ್ ಯಜಮಾನ್ರು ಅಳ್ತವ್ರೆ! ಆರು ವರ್ಷ ಈ ಎದೆ ಉರೀತಿತ್ತು ಬಾವಾ. ಈಗ ಹೇಳಿ, ಆಶೀರ್ವಾದಕ್ಕೆ ದೀರ್ಘ ಬೇಕೇ ಬೇಕಾ?"

"ಬೇಡ ಭಾವ, ಬೇಡ. ಹ್ರಸ್ವಾನೇ ಸಾಕು."

"ಅಗಮಿಸಿ ಅಂದ್ರೆ ಜನ ಬರಲ್ವಾ?"

"ಬರ್ತಾರೆ ಭಾವ, ಓಡ್ಕೊಂಡ್ ಬರ್ತಾರೆ. ಬಿಡಿ ಭಾವ..."

"ಬಿಡಲ್ಲ! ಇನ್ಮೇಲೆ ನಿಮ್ಮನ್ನ ಬಿಡೋ ಮಾತೇ ಇಲ್ಲ!" ಆವುಲಪ್ಪ ಇನ್ನಷ್ಟು ಬಿಗಿಯಾಗಿ ಹಿಸುಕಿದ. ಮೂವತ್ತೈದು ವರ್ಷದ ವ್ಯಾಕರಣವನ್ನು ಅಡವಿಟ್ಟರೂ ಮುಕ್ತಿಯಿಲ್ಲ. ಮೇಷ್ಟ್ರು ಕೊನೆಯ ಅಸ್ತ್ರವಾಗಿ ಆವುಲಪ್ಪನ ಬೆನ್ನ ಹಿಂದೆ ಬಲಗೈಯ ಕಿರುಬೆರಳನ್ನು ಎತ್ತಿ ಹಿಡಿದರು.

ಅದನ್ನು ಕಂಡವಳು ಬಾಗಿಲಲ್ಲಿ ನಿಂತಿದ್ದ ಆವುಲಪ್ಪನ ಹೆಂಡತಿ ಅಮ್ಮಾಜಮ್ಮ. ಒಂದು ಕ್ಷಣ ಬೆರಳು ನೋಡಿದಳು, ಒಂದು ಕ್ಷಣ ಮುಖ ನೋಡಿದಳು. ಬಲು ಒಳ್ಳೆಯ ಹೆಂಗಸು, ನಗು ನುಂಗಿಕೊಂಡಳು.

"ಬಿಡ್ರೀ ಅವ್ರನ್ನ, ಅತ್ತೂ ಅತ್ತೂ ಸುಸ್ತಾಗವ್ರೆ. ಮುಖ ತೊಳ್ಕೊಂಡ್ ಬರ್ಲಿ. ಅಣ್ಣ, ಹಿಂದುಗಡೆ ಎಡಗಡೆ ಬಾಗಿಲು."

ಒಳಗೆ ಬಿಳಿ ಟೈಲ್ಸ್ ಇರಲಿಲ್ಲ. ಸಿಮೆಂಟಿನ ನೆಲ, ಒಂದು ಪ್ಲಾಸ್ಟಿಕ್ ಮಗ್ಗು, ಮೇಲಿನ ಕಿಂಡಿಯಲ್ಲಿ ಅಂಗೈಯಷ್ಟು ಆಕಾಶ. ಮೇಷ್ಟ್ರು ಆ ಆಕಾಶ ನೋಡುತ್ತ ನಿಂತರು. ಬೆಳಗ್ಗಿನಿಂದ ಹೊತ್ತು ತಂದಿದ್ದ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಒಂದೊಂದಾಗಿ ಇಳಿದುಹೋದವು. ಆಮೇಲೆ ಆರು ವರ್ಷದ ಹಗೆಯೂ ಹೋಯಿತು. ಕಿಂಡಿಯಲ್ಲಿ ಒಂದು ಗುಬ್ಬಿ ಬಂದು ಕೂತು ಹಾರಿತು. ಲೋಕದಲ್ಲಿ ಯಾರ ಮೇಲೂ ಸಿಟ್ಟಿಲ್ಲ ಎನ್ನಿಸಿ, ಅವರಿಗೆ ಈ ಸಲ ನಿಜವಾಗಿಯೇ ಕಣ್ಣು ಒದ್ದೆಯಾಯಿತು.

ಹೊರಗೆ ಬಂದಾಗ ಆವುಲಪ್ಪ ಪತ್ರಿಕೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. "ನನ್ ಸೊಸೇನ ನಾನೇ ಮಂಟಪಕ್ಕೆ ಕರ್ಕೊಂಡ್ ಬರ್ತೀನಿ," ಎಂದ. ಆದಿಲಕ್ಷ್ಮಮ್ಮ ಗಂಡನನ್ನು ಮದುವೆಯಾದ ಹೊಸದರಲ್ಲೂ ನೋಡದಷ್ಟು ಪ್ರೀತಿಯಿಂದ ನೋಡಿದರು.

ವಾಪಸು ಬರುವಾಗ ಬಿಸಿಲು ಹಣ್ಣಾಗಿತ್ತು. ಹಗುರವಾದ ಮೇಷ್ಟ್ರಿಗೆ ಹೆಂಡತಿಯ ಮೇಲೆ ಭಕ್ತಿಯೇ ಉಕ್ಕಿತು.

"ಲಕ್ಷ್ಮೀ, ನಿಜ ಹೇಳ್ತೀನಿ, ನೀವು ಹೆಂಗಸರು ಯೋಗಿಗಳು ಕಣೇ. ಬೆಳಗ್ಗೆಯಿಂದ ನನ್ನಷ್ಟೇ ಕುಡಿದೆ, ಒಂದ್ಸಲಾನೂ ಎಲ್ಲೂ ಹೋಗ್ಲಿಲ್ಲ. ಅದೆಂಥ ನಿಗ್ರಹ!"

"ಯಾರ್ರೀ ಹೇಳಿದ್ದು ಹೋಗ್ಲಿಲ್ಲ ಅಂತ? ಎಲ್ಲಾ ಮನೇಲೂ ಹೋದೆ. ಚಿಂತಾಮಣೀಲಿ ಎರಡು ಸಲ."

"ಒಳಗೆ ಹೋಗಿದ್ದು ಅಡುಗೆಮನೆಗಲ್ವಾ?"

"ಅವ್ರ ಮನೆ ಒಲೆ ಹತ್ರ ನಂಗೇನ್ ಕೆಲಸ? ಅಮ್ಮಾ, ಸ್ವಲ್ಪ ಹೋಗ್ಬೇಕಿತ್ತು ಅಂದೆ. ತೋರಿಸಿದ್ರು. ಅದ್ರಲ್ಲೇನಿದೆ?"

ಮೇಷ್ಟ್ರು ಮುಂದಿನ ಸೀಟಿನ ಕಡೆ ಬಾಗಿದರು. ಮೆಲ್ಲಗೆ ಕೇಳಿದರು: "ಮುನೇಶ, ನೀನು?"

"ನಾನೂನು ಸಾರ್, ಹಿಂದ್ಗಡೆ ಬಾಗಿಲಿಂದ. ಕೇಳಿದ್ರೆ ಯಾರು ಸಾರ್ ಬೇಡ ಅಂತಾರೆ?" ಮುನೇಶ ಗೇರ್ ಬದಲಿಸಿ, ಕನ್ನಡಿಯಲ್ಲಿ ಅವರ ಮುಖ ನೋಡದೆಯೇ ಹೇಳಿದ: "ಏಳನೇ ಕ್ಲಾಸಲ್ಲಿ ಕಿರುಬೆರಳು ಎತ್ತಿದ್ರೆ ಬೇಡ ಅಂತಿದ್ದಿದ್ದು ನೀವೊಬ್ರೇ ಸಾರ್."