ಓಡಿಹೋದ ಅಳಿಯನ ಸಮಾನಾರ್ಥಕ ಪದಗಳು

ಮಾಡಿದ ಕೆಲಸಕ್ಕಿಂತ ಅದಕ್ಕೆ ಜನ ಇಡುವ ಹೆಸರೇ ಮನುಷ್ಯನನ್ನು ಹೆಚ್ಚು ಕಾಡುತ್ತದೆ ಎಂಬುದು ನನಗೆ ನಲವತ್ತಾರನೆಯ ವಯಸ್ಸಿನಲ್ಲಿ, ಹನ್ನೊಂದು ಹೆಜ್ಜೇನುಗಳಿಂದ ಕಡಿಸಿಕೊಂಡ ಮೇಲೆ ಗೊತ್ತಾಯಿತು. ನಾನು ಹಿರಿಯೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕ. ಇಪ್ಪತ್ತು ವರ್ಷದಿಂದ ‘ರನ್ ಅವೇ’ ಎಂಬ ಕ್ರಿಯಾಪದವನ್ನು ಪಾಠ ಮಾಡುತ್ತಿದ್ದೇನೆ. ಮನೆ ಬಿಟ್ಟ ಮಗ ಮಾಡುವುದು ರನ್ ಅವೇ. ಅಪ್ಪನಿಗೆ ಹೇಳದೆ ಮದುವೆಗೆ ಹೊರಟ ಜೋಡಿ ಮಾಡುವುದೂ ರನ್ ಅವೇ. ಹೊಣೆ ಹೊರಲಾರದವನು ಕುರ್ಚಿಯಲ್ಲಿ ಕುಳಿತೇ ಮಾಡುವುದೂ ರನ್ ಅವೇ. ಬದಲಿಗೆ ಫ್ಲೀ ಎನ್ನಬಹುದು, ಎಸ್ಕೇಪ್ ಎನ್ನಬಹುದು. ಕುದುರೆಯಾದರೆ ಬೋಲ್ಟ್, ಆರೋಪಿಯಾದರೆ ಅಬ್‌ಸ್ಕಾಂಡ್, ಸೈನ್ಯವಾದರೆ ರಿಟ್ರೀಟ್. ಇವನ್ನೆಲ್ಲ ಬೋರ್ಡಿನ ಮೇಲೆ ಬರೆದು, “ಎಲ್ಲಾ ಹೆಚ್ಚುಕಮ್ಮಿ ಒಂದೇ ಕಣ್ರಪ್ಪ, ಸಂದರ್ಭ ನೋಡಿ ಬಳಸ್ಬೇಕು” ಎಂದು ಹೇಳಿ ಕೈ ಒರೆಸಿಕೊಳ್ಳುತ್ತಿದ್ದೆ. ಸಂದರ್ಭ ಹೋದ ತಿಂಗಳು ಬಂತು.

ನನ್ನ ಹೆಂಡತಿ ಸುಜಾತಳ ತವರು ಹರಿಯಬ್ಬೆ. ಆ ಭಾನುವಾರ ಬೆಳಿಗ್ಗೆ ಅವಳು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ನಾನು ಹೊಲಕ್ಕೆ ಹೋಗಿ, ಹುಣಸೆಮರದ ನೆರಳಲ್ಲಿ ಶೇಂಗಾ ಬಿಡಿಸುತ್ತಿದ್ದ ಅತ್ತೆಯ ಎದುರು ಕುಳಿತಿದ್ದೆ. ಅವರು ಬಳ್ಳಿಯಿಂದ ಕಾಯಿ ಬಿಡಿಸುವುದು, ನಾನು ತಿನ್ನುವುದು. ಅಳಿಯ ಎಂಬ ಹುದ್ದೆಯ ಕರ್ತವ್ಯ ಇಷ್ಟೇ. ಅದನ್ನು ಹದಿನೆಂಟು ವರ್ಷದಿಂದ ಒಂದು ದಿನವೂ ರಜೆ ಹಾಕದೆ ನಿಭಾಯಿಸಿದ್ದೇನೆ. ಮರದ ಮೇಲೆ ಮೊರದಷ್ಟು ಅಗಲದ ಹೆಜ್ಜೇನು ಕಟ್ಟಿತ್ತು. ಎಲ್ಲಿಂದಲೋ ಒಂದು ಹದ್ದು ಬಂದು ಅದನ್ನು ಕುಕ್ಕಿ ತನ್ನ ಪಾಡಿಗೆ ತಾನು ಹೋಯಿತು. ಮರಕ್ಕೆ ಮರವೇ ಗುಂಯ್ ಎನ್ನತೊಡಗಿತು.

“ಅಳಿಯಂದ್ರೆ, ಹುಳ ಎದ್ದಾವೆ. ಓಡಬ್ಯಾಡ್ರಿ. ಇಲ್ಲಿ ಬರ್ರಿ, ಕುಂತ್ಕಳ್ರಿ” ಎಂದರು ಅತ್ತೆ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎನ್ನುವಷ್ಟೇ ಗಾಬರಿಯಲ್ಲಿ. ತಾವು ಕುಳಿತಿದ್ದ ಕುರಿ ಕಂಬಳಿಯನ್ನು ಎಳೆದು ತಲೆಯ ಮೇಲೆ ಹೊದ್ದು, ಮುದುಡಿ ಕುಳಿತು, ಒಂದು ಅಂಚನ್ನು ನನಗಾಗಿ ಎತ್ತಿ ಹಿಡಿದರು. ಆ ಎತ್ತಿದ ಅಂಚು ನನಗೆ ಈಗಲೂ ಕಾಣುತ್ತದೆ. ಹಲ್ಲುಜ್ಜುವಾಗ ಕಾಣುತ್ತದೆ, ಹಾಜರಿ ಕರೆಯುವಾಗ ಕಾಣುತ್ತದೆ. ಒಳಗೆ ಹೋಗು ಎಂದು ತಲೆ ಹೇಳಿತ್ತು, ಪ್ರಮಾಣ ಮಾಡಿ ಹೇಳುತ್ತೇನೆ. ಕಾಲುಗಳು ತಲೆಯನ್ನು ಕೇಳಲಿಲ್ಲ.

ನಾನು ಅಷ್ಟು ವೇಗವಾಗಿ ಓಡಬಲ್ಲೆ ಎಂಬುದು ನನ್ನ ಮಂಡಿನೋವಿನ ಡಾಕ್ಟರಿಗೂ ಗೊತ್ತಿರಲಾರದು. ಒಂದು ಚಪ್ಪಲಿ ಬದುವಿನಲ್ಲಿ ಉಳಿಯಿತು, ಫೋನು ಮರದ ಕೆಳಗೆ ಉಳಿಯಿತು, ಅತ್ತೆಯೂ ಅಲ್ಲೇ ಉಳಿದರು. ರಸ್ತೆಯಲ್ಲಿ ಧರ್ಮಪುರದ ಬಸ್ಸು ಯಾರನ್ನೋ ಇಳಿಸುತ್ತಿತ್ತು. ಹತ್ತಿದೆ. ನನ್ನ ಹಿಂದೆ ನಾಲ್ಕು ಹುಳಗಳೂ ಹತ್ತಿದವು. ಮುಂದಿನ ಸೀಟಿನ ಅಜ್ಜ ಟವೆಲಿನಿಂದ ಅವನ್ನು ಬಡಿದರು. ಯಾವುದಕ್ಕೂ ಇರಲಿ ಎಂದು ನನ್ನನ್ನೂ ಬಡಿದರು. ಕಂಡಕ್ಟರ್ “ಎಲ್ಲಿಗ್ರಿ?” ಎಂದು ಕೇಳಿದ. “ಮುಂದಕ್ಕೆ” ಎಂದೆ. “ಮುಂದಕ್ಕೆ ಅಂದ್ರೆ ಧರ್ಮಪುರ ಐತೆ, ಆಮ್ಯಾಕೆ ಆಂಧ್ರ ಐತೆ. ಯಾವ್ದಕ್ಕೆ ಕೊಡ್ಲಿ?” ಎಂದ. ಒಂದು ಕ್ಷಣ ಯೋಚಿಸಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಧರ್ಮಪುರದ ಆಸ್ಪತ್ರೆಯಲ್ಲಿ ನರ್ಸಮ್ಮ ಮುಳ್ಳು ಕೀಳುತ್ತಾ, “ಜತೇಲಿ ಯಾರು ಬಂದಾರ್ರಿ?” ಎಂದಾಗಲೇ ಅತ್ತೆ ನೆನಪಾದದ್ದು. ವಾಪಸ್ ಬಸ್ಸಿನಲ್ಲಿ ನನ್ನ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ತೆರೆದಿದ್ದ ಇನ್ನೊಂದರಲ್ಲಿ ಬರೀ ಆ ಕಂಬಳಿ.

ಅತ್ತೆ ಮನೆಯ ಜಗಲಿಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದರು. ಮೈಯಲ್ಲಿ ಎಲ್ಲೂ ಒಂದೂ ಕಡಿದಿರಲಿಲ್ಲ, ಬಲಗೈಯೊಂದನ್ನು ಬಿಟ್ಟು. ಅಲ್ಲಿ ಮೂರು ಕಡೆ ಸುಣ್ಣ ಹಚ್ಚಿತ್ತು. “ಬರ್ತೀರೇನೋ ಅಂತ ಅಂಚು ಹಿಡ್ಕಂಡೇ ಇದ್ದೆ” ಎಂದರು, ದೂರಲ್ಲ, ಸುದ್ದಿ ಹೇಳುವಂತೆ. ಒಳಗಿನಿಂದ ಬಂದ ಸುಜಾತ ನನ್ನ ಊದಿದ ಮುಖವನ್ನು ನೋಡಿ, “ಅಮ್ಮನ್ನ ಬಿಟ್ಟು ಓಡಿಹೋದ್ರಾ?” ಎಂದಳು.

ನಾಲ್ಕೇ ದಿನಕ್ಕೆ ಅದೇ ಊರಿನಲ್ಲಿ ನನ್ನ ಭಾವಮೈದುನನ ಗೃಹಪ್ರವೇಶವಿತ್ತು. ನೆಂಟರೆಲ್ಲ ಸೇರುತ್ತಾರೆ. ಅಲ್ಲಿ ಯಾವ ಕ್ರಿಯಾಪದ ಹರಡುತ್ತದೋ ಅದೇ ನನಗೆ ಸಾಯುವತನಕದ ಹೆಸರು. ನಿದ್ದೆಗೆಟ್ಟು ನಿಘಂಟು ತೆರೆದೆ. ‘ಇವಾಕ್ಯುಯೇಟ್’ ಎಂಬುದು ಗೌರವಸ್ಥ ಪದವೆನಿಸಿತು. ಸುಜಾತ, “ಅದ್ರಲ್ಲಿ ಬೇರೆಯೋರನ್ನ ಮೊದ್ಲು ಸಾಗಿಸ್ತಾರಲ್ವಾ?” ಎಂದಳು. ಸ್ಟಾಫ್ ರೂಮಿನಲ್ಲಿ ‘ರಿಟ್ರೀಟ್’ ಪ್ರಯೋಗಿಸಿದೆ. ಇತಿಹಾಸದ ಸಹೋದ್ಯೋಗಿ ಟಿಫಿನ್ ಡಬ್ಬಿಯಿಂದ ತಲೆ ಎತ್ತದೆ, “ರಿಟ್ರೀಟ್‌ನಲ್ಲಿ ಸೇನಾಪತಿ ಸೈನ್ಯದ ಜತೆ ಹೋಗ್ತಾನೆ ಸಾರ್. ನಿಮ್ಮ ಸೈನ್ಯ ಕಂಬಳಿ ಕೆಳಗಿತ್ತು” ಎಂದರು. ಕೊನೆಗೆ ‘ಬೋಲ್ಟ್’ ಒಂದೇ ಸರಿಹೊಂದುತ್ತಿತ್ತು. ಆದರೆ ಅದಕ್ಕೆ ನಾನು ಕುದುರೆಯಾಗಬೇಕಿತ್ತು.

ಗೃಹಪ್ರವೇಶದ ಪಂಕ್ತಿಯಲ್ಲಿ ಹೋಳಿಗೆ ಬೀಳುವ ಹೊತ್ತಿಗೆ, ಎದುರು ಸಾಲಿನಲ್ಲಿದ್ದ ಸುಜಾತಳ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. “ಏನ್ ಮೇಷ್ಟ್ರೆ, ಅತ್ತೇನ ಜೇನಿಗೆ ಒಪ್ಸಿ ಓಡೋದ್ರಂತೆ?”

ಎರಡೂ ಸಾಲಿನ ಕೈಗಳು ಎಲೆಯ ಮೇಲೆ ನಿಂತವು. ತುಪ್ಪ ಬಡಿಸುತ್ತಾ ಬರುತ್ತಿದ್ದ ಅತ್ತೆ ನಿಲ್ಲಲಿಲ್ಲ. ಅವರ ಬಲಗೈ ಇನ್ನೂ ಊದಿಕೊಂಡಿತ್ತು.

“ಓಡೋಗಿದ್ದಲ್ಲ ಬಿಡ್ರಿ ಭಾವ. ನಾನೇ ಕಳ್ಸಿದ್ದು. ಜನ ಕರ್ಕಂಬರ್ರಿ ಅಂತ.”

“ಧರ್ಮಪುರದ ತನಕ ಜನ ಸಿಗ್ಲಿಲ್ವೇನಮ್ಮ?”

“ಸಿಕ್ಕಿರ್ತಾರೆ. ಇವ್ರಿಗೆ ಗುರ್ತಿಲ್ದೋರ ಹತ್ರ ಮಾತಾಡಾಕೆ ನಾಚ್ಕೆ. ನೀವು ಹೋಳಿಗೆ ತಿನ್ರಿ.”

ಸಾಲಿಗೆ ಸಾಲೇ ನಕ್ಕಿತು. ದೊಡ್ಡಪ್ಪನವರೂ ನಕ್ಕರು, ನಾನೂ ನಕ್ಕೆ. ನನ್ನ ಎಲೆಗೆ ಎಂದಿಗಿಂತ ಒಂದು ಮಿಳ್ಳೆ ತುಪ್ಪ ಹೆಚ್ಚು ಬಿತ್ತು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದ ಪಟ್ಟಿಯಲ್ಲಿ ‘ಕಳಿಸಿದ್ದು’ ಎಂಬ ಪದವೇ ಇರಲಿಲ್ಲ. ಅದನ್ನು ಓಡಿದವನು ಬಳಸುವಂತೆಯೂ ಇಲ್ಲ. ಬಿಟ್ಟುಹೋಗಲ್ಪಟ್ಟವರು ಮನಸ್ಸು ಮಾಡಿ ಕೊಡಬೇಕು.

ಹೊರಡುವಾಗ ಅತ್ತೆಯನ್ನು ಮೆಲ್ಲಗೆ ಕೇಳಿದೆ, ಹಾಗೇಕೆ ಹೇಳಿದಿರಿ ಎಂದು. “ಮತ್ತೇನ್ ಮಾಡ್ಲಪ್ಪ, ಈ ವಯಸ್ನಾಗೆ ಇನ್ನೊಬ್ಬ ಅಳಿಯನ್ನ ಎಲ್ಲಿಂದ ತರಾಣ?” ಎಂದು ಆ ಕಂಬಳಿಯನ್ನೇ ಮಡಚಿ ನನ್ನ ಕೈಗಿಟ್ಟರು. “ಮುಂದ್ಲ ಸಲ ಇದ್ರೊಳಗೆ ಕುಂತ್ಕಳ್ರಿ. ಒಂದ್ ಅಂಚು ಇನ್ನೊಬ್ರಿಗೆ ಎತ್ರಿ.”

ಎತ್ತುತ್ತೇನೆ. ಅದನ್ನು ನಿರ್ಧರಿಸಿಬಿಟ್ಟಿದ್ದೇನೆ. ಕಂಬಳಿ ಈಗ ನನ್ನ ಬರೆಯುವ ಕುರ್ಚಿಯ ಬೆನ್ನಿಗೇ ಇರುತ್ತದೆ. ಇಂದು ಬೆಳಿಗ್ಗೆ ಈ ನಿರ್ಧಾರವನ್ನು ಬರೆದು ಮುಗಿಸುತ್ತಿದ್ದಾಗಲೇ ಅಡುಗೆಮನೆಯಲ್ಲಿ ಸುಜಾತ ಚಟ್ನಿಗೆ ಮಿಕ್ಸಿ ಹಾಕಿದಳು. ಗುಂಯ್ ಎಂದಿತು. ನನಗೆ ಎಚ್ಚರವಾದಾಗ ನಾನು ಬೀದಿಯ ಲೈಟುಕಂಬದ ಹತ್ತಿರ, ಒಂದೇ ಚಪ್ಪಲಿಯಲ್ಲಿ, ಪೆನ್ನು ಹಿಡಿದು ನಿಂತಿದ್ದೆ. ಕಂಬಳಿ ಕುರ್ಚಿಯಲ್ಲೇ ಇತ್ತು. ಸುಜಾತ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಈ ಸಲ ಯಾರು ಕಳ್ಸಿದ್ದು?” ಎಂದಳು.