ಜಿನ್ನಿಗೆ ಮೂರು ಕುದಿ

ಅಡುಗೆಯ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬುದು ಚಳ್ಳಕೆರೆಯ ನಮ್ಮ ಬೀದಿಯಲ್ಲಿ ಎಲ್ಲರೂ ಒಪ್ಪಿದ ಮಾತು. ನೂರು ಜನಕ್ಕೆ ಹೋಳಿಗೆ ಬೇಯಿಸಿದ್ದೇನೆ. ಸಂಡಿಗೆ ಹಿಟ್ಟಿನ ವಾಸನೆ ನೋಡಿಯೇ ಉಪ್ಪು ಹೆಚ್ಚೋ ಕಮ್ಮಿಯೋ ಹೇಳಬಲ್ಲೆ. ಅಂಥವಳಿಗೆ ಒಂದು ಸೀಸೆ ಜಿನ್ನು, ನಾಲ್ಕು ನಿಂಬೆಹಣ್ಣು, ಒಂದು ಕಟ್ಟು ಪುದೀನ ಸೇರಿಸಿ ಕಾಕ್‌ಟೇಲ್ ಮಾಡುವುದು ಯಾವ ದೊಡ್ಡ ಕೆಲಸ ಎಂದುಕೊಂಡೆ.

ಅದನ್ನು ಕೇಳಿದವಳು ನನ್ನ ಗೆಳತಿ ಸರ್ವಮಂಗಳ. ಹಿಂದಿನ ಬೀದಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಮೂವತ್ತಕ್ಕೂ ಹೆಚ್ಚು ವರ್ಷ ಹಳ್ಳಿ ಶಾಲೆಗಳಲ್ಲಿ ವಿಜ್ಞಾನದ ಟೀಚರಾಗಿದ್ದು, ಕಳೆದ ತಿಂಗಳ ಕೊನೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದಳು. ಮರುದಿನ ನಮ್ಮ ಹಿತ್ತಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, "ಪಾರ್ವತಿ, ನಂದೊಂದು ಆಸೆ ಐತೆ. ನಗಬಾರದು," ಎಂದಳು.

ಕಾಶಿ ಇರಬೇಕು, ಹೆಚ್ಚೆಂದರೆ ವಿಮಾನ ಇರಬೇಕು ಎಂದುಕೊಂಡೆ.

"ಒಂದ್ಸಲ ಜಿನ್ ಕಾಕ್‌ಟೇಲ್ ಕುಡೀಬೇಕು."

ನನ್ನ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಯ ರಾಶಿಗೆ ಬಿತ್ತು. ಅವಳು ಸಮಾಧಾನವಾಗಿ ವಿವರಿಸಿದಳು. ಅಣ್ಣನ ಮಗನ ಆರತಕ್ಷತೆ ದಾವಣಗೆರೆಯ ಒಂದು ಹೋಟೆಲಿನಲ್ಲಿ ನಡೆದಿತ್ತು. ಅಲ್ಲಿ ಉದ್ದನೆಯ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟಿದ್ದರು. ಒಳಗೆ ಪುದೀನ ತೇಲುತ್ತಿತ್ತು, ಅಂಚಿಗೆ ನಿಂಬೆಯ ಬಿಲ್ಲೆ ಸಿಕ್ಕಿಸಿತ್ತು. ಇವಳು ಕೈ ಚಾಚಿದಳು. ಅತ್ತಿಗೆ ಮಣಿಕಟ್ಟು ಹಿಡಿದು, "ಅದು ನಿಮಗಲ್ಲ, ಬಾದಾಮಿ ಹಾಲು ಆ ಕಡೆ ಐತೆ," ಎಂದು ತಿರುಗಿಸಿಬಿಟ್ಟರು.

"ಹುಟ್ಟಿದಾಗಿಂದ ಆ ಕಡೆ ಬಾದಾಮಿ ಹಾಲೇ ಕುಡಿದೀನಿ ಕಣೇ," ಎಂದಳು ಸರ್ವಮಂಗಳ. "ಒಂದ್ಸಲ ಈ ಕಡೇದು ಕುಡೀಬೇಕು. ತಲೆ ಸ್ವಲ್ಪ ಗಿರ್ ಅನ್ಬೇಕು. ಅಷ್ಟೇ. ಹೋಟ್ಲಿಗೆ ಹೋದ್ರೆ ಯಾವನಾದ್ರೂ ಹಳೇ ಸ್ಟೂಡೆಂಟು ಬಂದು ಕಾಲಿಗೆ ಬೀಳ್ತಾನೆ. ಅಣ್ಣನ ಮನೇಲಂತೂ ಆಗೋ ಮಾತಲ್ಲ."

"ಭಾನುವಾರ ಮಧ್ಯಾಹ್ನ ಬಾ," ಎಂದೆ. "ಗಿರ್ ಅನ್ನಿಸೋ ಜವಾಬ್ದಾರಿ ನಂದು."

ಹೀಗೆ ಒಬ್ಬ ನಿವೃತ್ತ ಶಿಕ್ಷಕಿಯ ಜೀವನದ ಏಕೈಕ ಆಸೆಯನ್ನು ನಾನು ನನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ಸೀಸೆ ತರಬೇಕಾದವರು ನಮ್ಮ ಮನೆಯವರು. ಅವರು ಶೇಂಗಾ ಮಂಡಿಯಲ್ಲಿ ಗುಮಾಸ್ತರು. ಕೆಮ್ಮಿನ ಔಷಧಿ ಕುಡಿದ ದಿನ ಸೈಕಲ್ ಹತ್ತದೆ ತಳ್ಳಿಕೊಂಡು ಬರುವ ಮನುಷ್ಯ. ವಿಷಯ ಹೇಳಿದಾಗ ಅವರು ಓದುತ್ತಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿದರು.

"ಚಳ್ಳಕೆರೇಲಿ ಆಗಲ್ಲ ಪಾರ್ವತಿ. ಯಾವ ಅಂಗಡಿ ಮುಂದೆ ನಿಂತ್ರೂ ನಮ್ಮ ಮಂಡಿಗೆ ಬರೋನು ಒಬ್ಬ ಇರ್ತಾನೆ."

"ಮೊಳಕಾಲ್ಮೂರಿಗೆ ಹೋಗ್ರಿ. ಅಲ್ಲಿ ನಿಮ್ಮನ್ನ ಯಾರು ಕೇಳ್ತಾರೆ?"

ಶನಿವಾರ ಬಸ್ಸು ಹತ್ತಿ ಹೋದರು. ಅಂಗಡಿಯ ಎದುರಿನ ಹೋಟೆಲಿನಲ್ಲಿ ಮೂರು ಟೀ ಕುಡಿದ ಮೇಲೆ ಧೈರ್ಯ ಬಂತಂತೆ. ಒಳಗೆ ಹೋದರೆ ಅಂಗಡಿಯವನು, "ಏಂ ಕಾವಾಲಿ ಅಣ್ಣಾ?" ಎಂದು ತೆಲುಗಿನಲ್ಲಿ ಕೇಳಿದನಂತೆ. ಆ ಗಾಬರಿಗೆ ಜಿನ್ನು ಎಂಬ ಹೆಸರೇ ಮರೆತುಹೋಗಿ, "ನೀರಿನ ಥರಾ ಇರ್ತೈತಲ್ಲ, ನಮ್ಮ ಮನೆಯವ್ರಿಗೆ," ಎಂದರಂತೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿ, ಈ ಬಡಪಾಯಿಗೆ ದಾರಿ ಬಿಟ್ಟರಂತೆ.

ಸೀಸೆಯನ್ನು ಹಾಗೇ ತರುವುದು ಹೇಗೆ? ಊರು ಮೊಳಕಾಲ್ಮೂರು. ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಖಾಲಿ ಡಬ್ಬ ಕೇಳಿ ಪಡೆದು, ಸೀಸೆಯನ್ನು ಅದರಲ್ಲಿ ಮಲಗಿಸಿ, ತೊಡೆಯ ಮೇಲಿಟ್ಟುಕೊಂಡು ಬಂದರು. ಇದು ಅವರ ಜೀವನದ ಅತ್ಯಂತ ಚಾಣಾಕ್ಷ ಉಪಾಯ. ಅದರಲ್ಲಿದ್ದ ಏಕೈಕ ದೋಷವೆಂದರೆ ಪಕ್ಕದ ಮನೆಯ ಗಂಗಮ್ಮಕ್ಕ ಜಗಲಿಯ ಮೇಲೆ ಕೂತಿದ್ದದ್ದು.

"ಪಾರ್ವತಿ, ನಿನ್ನ ಗಂಡ ರೇಷ್ಮೆ ಸೀರೆ ತಂದಂಗೈತೆ. ತೋರ್ಸೇ, ಎಂಥ ಅಂಚು ನೋಡಾಣ."

ನಾನು ಬೀರುವಿನಿಂದ ಕೈಗೆ ಸಿಕ್ಕ ನೇರಳೆ ಸೀರೆ ತಂದು ತೋರಿಸಿದೆ. ಗಂಗಮ್ಮಕ್ಕ ಸೆರಗು ಬಿಚ್ಚಿದರು, ಮೂಗಿಗೆ ಹಿಡಿದರು, ಅರಿಶಿನದ ಕಲೆಯ ಮೇಲೆ ಬೆರಳಿಟ್ಟರು.

"ಇದನ್ನ ನಿನ್ನ ಮಗಳ ಮದುವೇಲಿ ಉಟ್ಟಿದ್ದಲ್ಲೇನೇ?"

"ಅದೇ ಥರದ್ದು ಬೇಕು ಅಂದಿದ್ದೆ ಅಕ್ಕ."

"ಕಲೆ ಸಮೇತ ನೇಯ್ದವ್ರೆ, ಪುಣ್ಯಾತ್ಮರು," ಎಂದು ಸೀರೆಯನ್ನು ಮಡಿಸಿ ಕೊಟ್ಟರು.

ಭಾನುವಾರ ಬೇಗ ಊಟ ಮುಗಿಸಿ ಕೆಲಸಕ್ಕೆ ನಿಂತೆ. ಫೋನಿನಲ್ಲಿ ಒಂದು ವಿಡಿಯೋ ನೋಡಿಟ್ಟುಕೊಂಡಿದ್ದೆ. ಅದರಲ್ಲಿ ಒಬ್ಬ ಹುಡುಗಿ ಸಕ್ಕರೆ ಪಾಕ ಮಾಡಿ, ನಿಂಬೆ ಹಿಂಡಿ, ಜಿನ್ನು ಸುರಿದು, ಡಬ್ಬದಲ್ಲಿ ಹಾಕಿ ಕುಲುಕಿದ್ದಳು. ಎರಡು ನಿಮಿಷದ ಕೆಲಸ. ಈಗಿನ ಹುಡುಗಿಯರಿಗೆ ಎಲ್ಲದರಲ್ಲೂ ಅವಸರ ಎಂದು ನನಗೆ ಅನ್ನಿಸಿದ್ದು ಆಗಲೇ.

ಪಾಕ ಒಂದೆಳೆಗೆ ಬಂತು. ಸೀಸೆಯ ಬಿರಡೆ ತೆಗೆದೆ. ವಾಸನೆ ನೇರವಾಗಿ ಹುಬ್ಬುಗಳ ನಡುವೆ ಬಡಿಯಿತು. ನೋವಿನ ಎಣ್ಣೆಯಂತೆ, ಸ್ವಲ್ಪ ನೆಲ ಒರೆಸುವ ದ್ರಾವಣದಂತೆ. ಪೂರ್ತಿ ಹಸಿ ವಾಸನೆ! ನಮ್ಮ ಮನೆಯಲ್ಲಿ ಹಾಲನ್ನೂ ಕಾಯಿಸದೆ ಯಾರಿಗೂ ಕೊಟ್ಟಿಲ್ಲ. ಸಾರಿನ ಪುಡಿ ಹಾಕಿದ ಮೇಲೂ ಕುದಿ ಬರಬೇಕು, ಹುಣಸೆ ರಸ ಹಾಕಿದ ಮೇಲೂ ಕುದಿ ಬರಬೇಕು. ಹಾಗಿರುವಾಗ ಎಲ್ಲೋ ಯಾರೋ ಮಾಡಿ ಸೀಸೆಗೆ ತುಂಬಿದ್ದನ್ನು ಹಸಿಹಸಿಯಾಗಿ ಗೆಳತಿಯ ಹೊಟ್ಟೆಗೆ ಹಾಕುವುದೇ? ಇಡೀ ಸೀಸೆಯನ್ನು ಬಾಣಲೆಗೆ ಸುರಿದು ಒಲೆ ದೊಡ್ಡದು ಮಾಡಿದೆ.

"ವಿಡಿಯೋದಲ್ಲಿ ಕುದಿಸಿದ್ರಾ?" ಎಂದರು ನಮ್ಮ ಮನೆಯವರು.

"ಆ ಹುಡುಗಿಗೆ ಅಡುಗೆ ಬರಲ್ಲ. ನೀವು ಬಂದು ತಿರುವ್ರಿ."

ಗಂಗಮ್ಮಕ್ಕನ ಮೂಗಿನ ಶಕ್ತಿ ಗೊತ್ತಿದ್ದರಿಂದ ಕಿಟಕಿ, ಬಾಗಿಲು ಎಲ್ಲ ಮುಚ್ಚಿದೆ. ಮೊದಲ ಕುದಿಗೆ ಬಾಣಲೆಯ ಮೇಲೆ ಭಗ್ ಎಂದು ನೀಲಿ ಬೆಂಕಿ ಎದ್ದಿತು. ಮನೆಯವರು ಹಿಂದಕ್ಕೆ ಹಾರಿದರು. ನಾನು ಹಾರಲಿಲ್ಲ. ದೊಡ್ಡ ತಟ್ಟೆ ಮುಚ್ಚಿ, ಬೆಂಕಿ ಆರಿದ ಮೇಲೆ ತೆಗೆದು, ಒಲೆ ಸಣ್ಣ ಮಾಡಿ, "ಒಗ್ಗರಣೆಗೂ ಹಿಂಗೇ ಹತ್ಕೊಳ್ತೈತೆ, ತಿರುವ್ರಿ," ಎಂದೆ. ಎರಡನೆಯ ಕುದಿಗೆ ಶುಂಠಿ, ಏಲಕ್ಕಿ, ನಾಲ್ಕು ಮೆಣಸು ಹಾಕಿದೆ. ಮೂರನೆಯ ಕುದಿಯ ಹೊತ್ತಿಗೆ ಅರ್ಧ ಗಂಟೆಯಾಗಿತ್ತು, ಬಾಣಲೆಯಲ್ಲಿದ್ದದ್ದು ಅರ್ಧಕ್ಕಿಳಿದಿತ್ತು, ಹಸಿ ವಾಸನೆ ಪೂರ್ತಿ ಹೋಗಿತ್ತು. ಮನೆಯವರು ಮಾತ್ರ ಬಾಣಲೆಯ ಮೇಲೆ ಬಗ್ಗಿ, ಬಹಳ ಸಂತೋಷದಿಂದ, ಇಳಿಸಿದ ಮೇಲೂ ತಿರುವುತ್ತಲೇ ಇದ್ದರು.

ಆಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಗಂಗಮ್ಮಕ್ಕ, ಕೈಯಲ್ಲಿ ಲೋಟ ಸಮೇತ.

"ಏನೋ ಕುದಿಸ್ತಿದ್ದೀಯಲ್ಲೇ, ಸಂದಿನಾಗೆ ಘಮ್ ಅಂತೈತೆ."

"ಕೆಮ್ಮಿನ ಕಷಾಯ ಅಕ್ಕ."

"ನಂಗೂ ಕೆಮ್ಮು ಐತೆ," ಎಂದು ಲೋಟ ಚಾಚಿದರು. ಕೊಡದಿದ್ದರೆ ಸಂಶಯ. ಕೊಟ್ಟರೆ ಎಪ್ಪತ್ತರ ಮುದುಕಿ ಬೀದಿಯಲ್ಲಿ ಏನು ಮಾಡುತ್ತದೋ ಎಂಬ ಭಯ. ದೇವರ ಮೇಲೆ ಭಾರ ಹಾಕಿ ಅರ್ಧ ಲೋಟ ಕೊಟ್ಟೆ.

ಸರ್ವಮಂಗಳ ಇಸ್ತ್ರಿ ಮಾಡಿದ ಸೀರೆಯುಟ್ಟು ಸರಿಯಾಗಿ ಮೂರು ಗಂಟೆಗೆ ಬಂದಳು. ತಣ್ಣಗಾದ ರಸ, ಪಾಕ, ನಿಂಬೆ, ಪುದೀನ, ಸೋಡಾ ಎಲ್ಲವನ್ನೂ ಅಡಿಕೆಯಷ್ಟೂ ಜಾಗ ಬಿಡದೆ ಬಿಗಿ ಮುಚ್ಚಳದ ಟಿಫಿನ್ ಡಬ್ಬಕ್ಕೆ ತುಂಬಿ ಕುಲುಕಿದೆ. ಸೋಡಾವನ್ನು ಕುಲುಕಬಾರದೆಂದು ಆ ಹುಡುಗಿ ಹೇಳಿದ್ದಳೋ ಏನೋ, ಅವಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಮುಚ್ಚಳ ಹಾರಿ ಫ್ಯಾನಿಗೆ ಬಡಿಯಿತು. ಕ್ಯಾಲೆಂಡರಿನ ಮೇಲೆ ಪುದೀನ ಅಂಟಿಕೊಂಡಿತು. ನಾನು ಧೃತಿಗೆಡಲಿಲ್ಲ. ಮುಖ ಒರೆಸಿಕೊಂಡು ಎರಡನೆಯ ಡಬ್ಬ ತುಂಬಿ, ಈ ಸಲ ಸೌಟಿನಿಂದ ಕಲಕಿ, ಲೋಟಕ್ಕೆ ಬಗ್ಗಿಸಿ, ಅಂಚಿಗೆ ನಿಂಬೆ ಬಿಲ್ಲೆ ಸಿಕ್ಕಿಸಿ ಅವಳ ಕೈಗಿಟ್ಟು, ನನಗೂ ಒಂದು ಲೋಟ ಬಗ್ಗಿಸಿಕೊಂಡೆ.

ಅವಳು ಮೊದಲು ಕಣ್ಣು ಮುಚ್ಚಿದಳು. ಆಮೇಲೆ ಒಂದು ಗುಟುಕು ಕುಡಿದಳು.

"ಹೆಂಗೈತೆ?"

"ತಡಿಯೇ. ಇಳೀತೈತೆ."

ಅರ್ಧ ಲೋಟಕ್ಕೆ ಕಿವಿ ಬೆಚ್ಚಗಾಯಿತೆಂದಳು. ಒಂದು ಲೋಟಕ್ಕೆ ತಲೆ ಗಿರ್ ಎಂದಿತೆಂದಳು. ನನಗೂ ಗೋಡೆ ಸ್ವಲ್ಪ ವಾಲಿದಂತೆ ಕಂಡು, ಹಿಡಿದುಕೊಂಡೆ. ಇಬ್ಬರೂ ಕಾರಣವಿಲ್ಲದೆ ನಕ್ಕೆವು. ಎರಡನೆಯ ಲೋಟ ಮುಗಿದಾಗ ಸರ್ವಮಂಗಳ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫೋನ್ ತೆಗೆದುಕೊಂಡು, "ನಮ್ಮ ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳೋದೈತೆ," ಎಂದಳು.

ಆ ಹೆಡ್‌ಮಾಸ್ಟರ ಬಗ್ಗೆ ನನಗೆ ಗೊತ್ತಿತ್ತು. ಹದಿನೆಂಟು ವರ್ಷ ಇವಳಿಂದ ಟೈಮ್‌ಟೇಬಲ್ ಬರೆಸಿಕೊಂಡು ತಾವು ಸಹಿ ಹಾಕಿದವರು. ಬೀಳ್ಕೊಡುಗೆಯ ದಿನ ತಮ್ಮ ಸೇವೆಯ ಬಗ್ಗೆಯೇ ಬಹಳ ಹೊತ್ತು ಮಾತಾಡಿ, ಕೊನೆಗೆ ಇವಳನ್ನು "ಮಂಜುಳ ಟೀಚರ್" ಎಂದು ಕರೆದು ಶಾಲು ಹೊದಿಸಿದ್ದರು. ಇವಳು ಅದಕ್ಕೂ ಕೈ ಮುಗಿದಿದ್ದಳು.

ನಾನು ಫೋನ್ ಕಿತ್ತುಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಧ್ವನಿ ಬಂತು.

"ಯಾರು?"

"ನಿಮ್ಮ ಟೈಮ್‌ಟೇಬಲ್ ಬರೀತಿದ್ದೋಳು ಸರ್."

"ಓ, ಮಂಜುಳ ಟೀಚರ್."

ಸರ್ವಮಂಗಳ ಕುರ್ಚಿಯಿಂದ ಎದ್ದು ನಿಂತಳು. "ಮಂಜುಳ ಅಲ್ಲ ಸರ್. ಸರ್ವಮಂಗಳ. ಎಲ್ಲಿ, ಹೇಳ್ರಿ ನೋಡಾಣ."

"ಏನಮ್ಮ?"

"ನನ್ನ ಹೆಸರು ಹೇಳ್ರಿ. ಹಿಂದಿನ ಬೆಂಚಿಗೂ ಕೇಳಿಸ್ಬೇಕು."

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ, "ಸರ್ವಮಂಗಳ," ಎಂದು ಸಣ್ಣಗೆ ಬಂತು.

"ಇನ್ನೊಂದ್ಸಲ."

"ಸರ್ವಮಂಗಳ."

"ಹ್ಞಾಂ. ಕೂತ್ಕಳ್ರಿ," ಎಂದು ಫೋನ್ ಇಟ್ಟಳು.

ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. "ಅಬ್ಬಾ, ಏನು ಮಾಲು ಮಾಡಿದ್ದೀಯೇ ಪಾರ್ವತಿ. ಇದನ್ನ ಬರಕೊಳ್ಬೇಕು," ಎಂದು ಚೀಲದಿಂದ ನೋಟ್‌ಪುಸ್ತಕ, ಪೆನ್ನು ತೆಗೆದಳು. ನಾನು ಗಂಟಲು ಸರಿಮಾಡಿಕೊಂಡು ಹೇಳತೊಡಗಿದೆ.

"ಮೊದಲು ಪಾಕ, ಒಂದೆಳೆ. ಆಮೇಲೆ ಒಂದು ಸೀಸೆ ಜಿನ್ನು ಬಾಣಲೆಗೆ ಹಾಕಿ ಮೂರು ಕುದಿ."

ಪೆನ್ನು ನಿಂತಿತು.

"ಎಷ್ಟು ಹೊತ್ತು ಕುದಿಸ್ದೆ?"

"ಅರ್ಧ ಗಂಟೆ. ಅರ್ಧಕ್ಕಿಳೀಬೇಕು."

"ಮುಚ್ಚಳ?"

"ಬೆಂಕಿ ಆರಿದ್ಮೇಲೆ ತೆಗೆದೆ. ಹಸಿ ವಾಸನೆ ಹೋಗ್ಬೇಕಲ್ಲ."

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಪಾರ್ವತಿ, ನೀರು ಕುದಿಯೋಕ್ಕಿಂತ ಮೊದ್ಲೇ ಆಲ್ಕೋಹಾಲು ಆವಿಯಾಗಿ ಎದ್ದು ಹೋಗ್ತೈತೆ. ಮೂವತ್ತು ವರ್ಷ ಅದೇ ಪಾಠ ಮಾಡಿದೀನಿ."

"ಹಂಗಾದ್ರೆ ನಾವು ಕುಡಿದಿದ್ದು?"

"ಕಷಾಯ."

ನಾನು ಖಾಲಿ ಲೋಟವನ್ನು ಮೂಸಿ ನೋಡಿದೆ. ಹಾಗಾದರೆ ಜಿನ್ನು ಎಲ್ಲಿಗೆ ಹೋಯಿತು ಎಂದು ಕೇಳುವ ಮೊದಲೇ ಹಿತ್ತಲಿನಿಂದ ನಮ್ಮ ಮನೆಯವರ ದನಿ ಕೇಳಿಸಿತು. ವಾರಕ್ಕೆ ಹತ್ತು ಮಾತಾಡದ ಮನುಷ್ಯ ಕಾಂಪೌಂಡಿನ ಮೇಲೆ ಮೊಣಕೈ ಊರಿ ಭಾಷಣ ಮಾಡುತ್ತಿದ್ದರು.

"ಅದು ಸೀರೆ ಅಲ್ಲ ಗಂಗಮ್ಮಕ್ಕ. ಜಿನ್ನು. ನಾನೇ ತಂದಿದ್ದು. ಒಬ್ನೇ ಹೋಗಿದ್ದೆ!"

"ಗೊತ್ತು ಬಿಡಪ್ಪ," ಎಂದರು ಗಂಗಮ್ಮಕ್ಕ. "ಕೆಮ್ಮು ನಿಂತೈತೆ. ನಿಂಗೆ ಮೊಸರು ಕೊಡ್ಲಾ?"

ನಾನು ತಲೆ ಬಗ್ಗಿಸಿದೆ. ಊರಿಗೆ ಗೊತ್ತಾಗುತ್ತದೆಂಬ ನಾಚಿಕೆಗಿಂತ, ಗೆಳತಿ ಇಷ್ಟು ವರ್ಷಕ್ಕೆ ಬಾಯಿಬಿಟ್ಟು ಕೇಳಿದ ಒಂದೇ ಆಸೆಯನ್ನು ಹಬೆ ಮಾಡಿ ಹಾರಿಸಿಬಿಟ್ಟೆನಲ್ಲ ಎಂಬುದೇ ಹೆಚ್ಚು ಚುಚ್ಚುತ್ತಿತ್ತು. ಸರ್ವಮಂಗಳ ಮಾತ್ರ ಬೇರೇನೋ ಲೆಕ್ಕ ಹಾಕುತ್ತಿದ್ದಳು.

"ಅಂದ್ರೆ, ಹೆಡ್‌ಮಾಸ್ಟರಿಗೆ ಹಂಗಂದಿದ್ದು ಜಿನ್ನಲ್ಲ."

"ಅಲ್ಲ."

"ನಾನೇ."

"ನೀನೇ."

ಅವಳು ನೋಟ್‌ಪುಸ್ತಕ ಮುಚ್ಚಿದಳು. ಹೆದರಿದಳೇನೋ ಎಂದು ನೋಡಿದರೆ ತುಟಿಯ ಮೂಲೆಯಲ್ಲಿ ನಗು. "ಇರ್ಲಿ. ಆದ್ರೆ ನನ್ನ ತಲೆ ಗಿರ್ ಅನ್ನೋದು ಬಾಕಿ ಐತೆ. ಬರೋ ಭಾನುವಾರ ಇನ್ನೊಂದು ಸೀಸೆ ತರ್ಸು. ನಾನೇ ಮಾಡ್ತೀನಿ. ನೀನು ಒಲೆ ಇರೋ ಕೋಣೆಗೆ ಬರ್ಬಾರ್ದು."

ಬಂದಳು. ಅಳತೆಗೆ ಗೆರೆಯಿರುವ ಗಾಜಿನ ಕೊಳವೆಯನ್ನೂ ತಂದಿದ್ದಳು. ಜಿನ್ನು ಸುರಿದಳು, ಪಾಕ ಸುರಿದಳು, ನಿಂಬೆ ಹಿಂಡಿದಳು, ಸೋಡಾವನ್ನು ಕೊನೆಗೆ ಮೆಲ್ಲಗೆ ಬಿಟ್ಟಳು. ಎರಡು ನಿಮಿಷ. ಒಂದು ಲೋಟ ಮುಗಿಸಿ, ಕುರ್ಚಿಗೆ ಒರಗಿ, "ಗಿರ್ ಅಂತು ಕಣೇ," ಎಂದಳು. ಹೋದ ವಾರಕ್ಕಿಂತ ಬಹಳ ಮೆತ್ತಗೆ, ಆದರೆ ನಿಜವಾಗಿ. ಆ ದಿನ ಯಾರಿಗೂ ಫೋನ್ ಮಾಡಲಿಲ್ಲ.

ನೂರು ಜನಕ್ಕೆ ಹೋಳಿಗೆ ಬೇಯಿಸಿದ ನನಗೆ ಆವತ್ತು ಅವಳು ಬಿರಡೆ ತೆಗೆಯುವ ಮೊದಲು ವಹಿಸಿದ್ದು ಒಂದೇ ಕೆಲಸ: ಹಾಲ್‌ನಲ್ಲಿ ಕೂತು ಮೂರು ನಿಂಬೆಹಣ್ಣು ಹೆಚ್ಚಿಕೊಡುವುದು. ಶ್ರದ್ಧೆಯಿಂದ ಹೆಚ್ಚಿದೆ. ಒಂದೊಂದಕ್ಕೆ ಎಂಟು ಹೋಳು, ಬೀಜ ತೆಗೆದು, ಅರಿಶಿನ ಉಪ್ಪು ಸವರಿ ಜಾಡಿಗೆ ತುಂಬಿ ಕೊಟ್ಟೆ. ಸರ್ವಮಂಗಳ ಜಾಡಿಯ ಮುಚ್ಚಳ ತೆಗೆದು ನೋಡಿ, ಅಂಗಡಿಗೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ ನಮ್ಮ ಮನೆಯವರಿಗೆ, "ಅಣ್ಣಾ, ಒಂದು ನಿಂಬೆಹಣ್ಣು ತರ್ರಿ. ತಂದಿದ್ದು ನನ್ನ ಕೈಗೇ ಕೊಡ್ರಿ," ಎಂದಳು.