ಪುಟಸಂಖ್ಯೆ ನಂಬಿದ ಬೈಂಡರಣ್ಣ

"ನಾಳೆ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ನಾನು ಹಾಕಿದ ಹೊಲಿಗೆ ನೋಡಿ ಜನ ಎದ್ದು ನಿಂತು ಚಪ್ಪಾಳೆ ಹೊಡೀದಿದ್ರೆ ನಾನು ಬೈಂಡರೇ ಅಲ್ಲ!" ಎಂದು ಶನಿವಾರ ಬೆಳಗ್ಗೆ ಬೈಂಡರಣ್ಣ ಶಪಥ ಮಾಡಿದ.

"ಜನ ಬರೋದು ಕಥೆ ಕೇಳೋಕೆ ಕಣ್ರೀ, ಹೊಲಿಗೆ ನೋಡೋಕಲ್ಲ," ಎಂದಳು ಹೆಂಡತಿ.

"ಹೊಲಿಗೆ ಬಿಚ್ಚಿದ್ರೆ ಕಥೆ ಎಲ್ಲಿರುತ್ತೆ?"

ಈ ಹೆಂಡತಿ ಸಾಮಾನ್ಯದವಳಲ್ಲ. ಹತ್ತೊಂಬತ್ತು ಪುಸ್ತಕ ಬರೆದವಳು. ನಗೆಬರಹ ಬೇಕೆಂದರೆ ನಗೆಬರಹ, ಮಕ್ಕಳ ಕಥೆ ಬೇಕೆಂದರೆ ಮಕ್ಕಳ ಕಥೆ, ಗಂಡ ಹೆಂಡಿರ, ಅತ್ತೆ ಸೊಸೆಯರ ಸಂಸಾರದ ಬರಹವಂತೂ ಕೇಳುವುದೇ ಬೇಡ. ಒಂದೇ ಮನೆಯಲ್ಲಿ ಅಜ್ಜನ ಕೈಯಲ್ಲೊಂದು, ಮೊಮ್ಮಗಳ ಕೈಯಲ್ಲೊಂದು ಅವಳ ಪುಸ್ತಕ ಇರುತ್ತಿತ್ತು. ಅವಳ ದೊಡ್ಡ ಅಭಿಮಾನಿ ಬೈಂಡರಣ್ಣನೇ. ಕ್ಷೌರದ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದಾಗಲೂ ಅವನ ಬಾಯಲ್ಲಿ ಅವಳ ಪುಸ್ತಕದ ಮಾತೇ. "ಏನು ಬರೀತಾಳೆ ಅಂತೀರಾ! ಓದ್ತಾ ಇದ್ರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತೆ," ಎನ್ನುತ್ತಿದ್ದ. ಕೇಳಿದವರು ಮುಗುಳ್ನಗುತ್ತಿದ್ದರು.

ಒಂದೇ ಒಂದು ಸಣ್ಣ ಕೊರತೆಯಿತ್ತು. ಬೈಂಡರಣ್ಣ ಅವಳ ಒಂದು ಪುಸ್ತಕವನ್ನೂ ಓದಿರಲಿಲ್ಲ.

ಅವನದೂ ಪೂರ್ತಿ ತಪ್ಪಲ್ಲ. ದಿನವಿಡೀ ಸಾವಿರಗಟ್ಟಲೆ ಹಾಳೆ ಮಡಚಿ ಹೊಲಿಯುವವನಿಗೆ ಸಂಜೆ ಮತ್ತೆ ಅಕ್ಷರದ ಮುಖ ನೋಡುವುದೆಂದರೆ ಕಣ್ಣು ಮುಚ್ಚಿಹೋಗುತ್ತಿತ್ತು. ಮೊದಲ ಪುಸ್ತಕ ಬಂದಾಗ ಹೆಂಡತಿ, "ಓದಿದ್ರಾ?" ಎಂದು ಕೇಳಿದಳು. ನಾಳೆ ಓದಿದರಾಯಿತು ಎಂದುಕೊಂಡು, "ಓದದೇ ಇರ್ತೀನಾ? ಕೊನೇ ಭಾಗ ಅಂತೂ ಅದ್ಭುತ," ಎಂದುಬಿಟ್ಟ. ಆ ನಾಳೆ ಇಪ್ಪತ್ತೆರಡು ವರ್ಷವಾದರೂ ಬರಲಿಲ್ಲ. ಎಲ್ಲ ಪುಸ್ತಕಕ್ಕೂ ಒಂದು ಕೊನೇ ಭಾಗ ಇದ್ದೇ ಇರುವುದರಿಂದ ಸಂಸಾರ ಸುಸೂತ್ರವಾಗಿ ನಡೆದಿತ್ತು. ಈ ಗುಟ್ಟು ಹೆಂಡತಿಗೆ ತಿಳಿದರೆ ತನ್ನ ಗತಿಯೇನು ಎಂಬ ಭಯ ಮಾತ್ರ ಒಂದು ದಿನವೂ ಅವನನ್ನು ಬಿಟ್ಟಿರಲಿಲ್ಲ.

ಭಾನುವಾರ ಅವಳು ಗ್ರಂಥಾಲಯದಲ್ಲಿ ಓದಬೇಕಿತ್ತು. ಅದಕ್ಕೆ ಆರಿಸಿಕೊಂಡದ್ದು ಮೂರು ಪುಸ್ತಕ: ಒಂದು ನಗೆಬರಹ, ಒಂದು ಕರಡಿ ಕಥೆ, ಒಂದು ಸಂಸಾರದ ಪುಸ್ತಕ. ಅವಳ ಸ್ವಂತ ಪ್ರತಿಗಳು ಊರೂರು ತಿರುಗಿ ಬೆನ್ನು ಕಳಚಿ, ಮಡಿಕೆ ಹರಿದು, ಬಿಡಿ ಬಿಡಿ ಹಾಳೆಯಾಗಿದ್ದವು. ಬೈಂಡರಣ್ಣ ಹಳೆಯ ಅಂಟನ್ನು ನೀರು ಹಚ್ಚಿ ಬಿಡಿಸಿದ, ಹಾಳೆಗಳನ್ನು ನೆಲದ ಮೇಲೆ ಒಣಗಲು ಹರಡಿದ, ಬೇಗ ಒಣಗಲೆಂದು ಫ್ಯಾನ್ ಹಾಕಿದ. ಐದರಲ್ಲಿ ಹಾಕಿದ.

ಚಹಾ ಕುಡಿದು ಬರುವಷ್ಟರಲ್ಲಿ ಕರಡಿ ಕಪಾಟಿನ ಮೇಲಿತ್ತು, ಅತ್ತೆ ಸೊಸೆಯರು ಮಂಚದ ಕೆಳಗಿದ್ದರು.

ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಬೈಂಡರಣ್ಣ ಮಾತ್ರ ಅಲ್ಲಾಡಲಿಲ್ಲ. ಬೈಂಡರಾದವನು ಹಾಳೆಯ ಕೆಳಗಿನ ಸಂಖ್ಯೆ ನೋಡುತ್ತಾನೆಯೇ ಹೊರತು ಮೇಲಿನ ಮಾತನ್ನಲ್ಲ. ಒಂದನೇ ಪುಟ ಮೂರು ಸಿಕ್ಕವು, ಮೂರನೇ ಪುಟ ಮೂರು ಸಿಕ್ಕವು. ಮೂರು ರಾಶಿಗೆ ಒಂದೊಂದು ಇಟ್ಟುಕೊಂಡು ಹೋದ. ಮೂರೂ ಪುಸ್ತಕದ್ದು ಒಂದೇ ಅಳತೆ, ಒಂದೇ ಅಚ್ಚು. ಕರಡಿ ಕಥೆಗೂ ಒಳಗೆ ಚಿತ್ರವಿರಲಿಲ್ಲ. ಒಂದು ಪುಟವೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಸಂಜೆಯ ಹೊತ್ತಿಗೆ ಕೆಂಪು ರಟ್ಟು, ಚಿನ್ನದ ಅಕ್ಷರ ಹೊತ್ತು ಮೂರೂ ಮದುಮಕ್ಕಳ ಹಾಗೆ ಕುಳಿತವು.

ಮರುದಿನ ಗ್ರಂಥಾಲಯ ತುಂಬಿತ್ತು. ಮುಂದೆ ಮಕ್ಕಳು, ಹಿಂದೆ ದೊಡ್ಡವರು, ಬೈಂಡರಣ್ಣ ರಟ್ಟು ನೋಡುವವರ ಮುಖವೆಲ್ಲ ಕಾಣುವಂಥ ಜಾಗದಲ್ಲಿ. ಹೆಂಡತಿ ಕರಡಿ ಕಥೆ ತೆರೆದು ಓದಿದಳು.

"ಕರಡಿ ಉಸಿರು ಬಿಗಿಹಿಡಿದು ಗುಹೆಯ ಬಾಗಿಲು ತಟ್ಟಿತು. ಒಳಗಿನಿಂದ ಯಾರೋ ಗಟ್ಟಿಯಾಗಿ ಕೂಗಿದರು..." ಪಕ್ಕದ ಪುಟಕ್ಕೆ ಬಂದಳು. "ಈ ವರ್ಷ ನೀವು ಕಳೆದಿರೋದು ಇದು ಮೂರನೇ ಛತ್ರಿ, ಎಂದಳು ನಾದಿನಿ."

ಮುಂದಿನ ಸಾಲಿನ ಪುಟಾಣಿಯೊಬ್ಬಳು ಕೇಳಿದಳು: "ಅಜ್ಜಿ, ಕರಡಿಗೆ ನಾದಿನಿ ಇದಾಳಾ?"

"ಇವತ್ತಿಂದ ಇದಾಳೆ, ಪುಟ್ಟಿ."

ಕನ್ನಡಕದ ಮೇಲಿನಿಂದ ಗಂಡನ ಕಡೆಗೊಮ್ಮೆ ನೋಡಿ ಅವಳು ಓದುತ್ತಲೇ ಹೋದಳು. "ಗಂಡನ ತಪ್ಪುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬಾರದು. ಇಟ್ಟುಕೊಂಡರೆ ಒಂದು ದಿನ..." ಮತ್ತೆ ಪಕ್ಕದ ಪುಟ. "ಮೊದಲು ಬಾಲ ಕಾಣಿಸಿತು, ಆಮೇಲೆ ಕಿವಿ." ಮಕ್ಕಳು ಬಿದ್ದು ಬಿದ್ದು ನಕ್ಕರು, ದೊಡ್ಡವರು ಕಣ್ಣೊರೆಸಿಕೊಂಡರು. ಕೊನೆಗೆ ಗ್ರಂಥಪಾಲಕರು, ಮೂರು ಬಗೆಯ ಬರಹವನ್ನು ಹೀಗೆ ಒಂದು ಮಾಡಿದ ಹೊಸ ಪ್ರಯೋಗ ಎಂದು ಹೊಗಳಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೈಂಡರಣ್ಣ ಮಾತ್ರ ಮುಂದಿದ್ದವರ ಬೆನ್ನಿನ ಹಿಂದೆ ಬಗ್ಗಿ ಕುಳಿತ. ಒಂದು ಸಾಲು ಓದಿದ್ದರೂ ಈ ಅನಾಹುತ ಆಗುತ್ತಿರಲಿಲ್ಲ ಎಂಬುದು ಯಾರಿಗಾದರೂ ಹೊಳೆಯುವ ಮಾತು.

ದಾರಿಯುದ್ದಕ್ಕೂ ಅವನು, "ಕನ್ನಡಕ ಇರಲಿಲ್ಲ," "ತಲೆನೋವಿತ್ತು," ಎಂದು ಒಂದೊಂದೇ ನೆಪ ಒಳಗೊಳಗೇ ಉರು ಹೊಡೆದ. ಮನೆ ತಲುಪಿದ ಮೇಲೆ ಹೆಂಡತಿ ಮೂರೂ ಪುಸ್ತಕವನ್ನು ಅವನ ಮುಂದಿಟ್ಟಳು.

"ಬಿಚ್ಚಿ ಸರಿಯಾಗಿ ಜೋಡಿಸಿಬಿಡಿ. ಎಲ್ಲಾ ಓದಿದೋರು ನೀವು, ನಿಮಗೆ ಎಷ್ಟು ಹೊತ್ತಿನ ಕೆಲಸ?"

ಸೋಮವಾರ ಬೆಳಗ್ಗೆ ಬೈಂಡರಣ್ಣ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಫ್ಯಾನಿನ ಸ್ವಿಚ್ಚಿಗೆ ಕಾಗದ ಅಂಟಿಸಿ, ಜೀವನದಲ್ಲಿ ಮೊದಲ ಸಲ ಹೆಂಡತಿಯ ಪುಸ್ತಕ ಓದಲು ಕುಳಿತ. ಕರಡಿ ಅಂಟಿನ ಡಬ್ಬಿಯಲ್ಲಿ ಕಾಲಿಟ್ಟು ಡಬ್ಬಿಯ ಸಮೇತ ನಡೆಯುತ್ತಿತ್ತು. ನಗೆಬರಹದ ಮಾವ ಅಂಗಿಯ ತೋಳನ್ನು ಮೇಜಿಗೆ ಅಂಟಿಸಿಕೊಂಡು, ಮೇಜನ್ನೇ ಎಳೆದುಕೊಂಡು ಬಾಗಿಲು ತೆರೆಯಲು ಹೋಗುತ್ತಿದ್ದ. ಸಂಸಾರದ ಪುಸ್ತಕದ ಗಂಡ ಒದ್ದೆ ಅಂಗಿಯನ್ನು ಪುಸ್ತಕ ಒತ್ತುವ ಯಂತ್ರದಲ್ಲಿಟ್ಟು ಇಸ್ತ್ರಿ ಮಾಡುತ್ತಿದ್ದ. ಯಾವ ಹಾಳೆ ಯಾವ ಪುಸ್ತಕದ್ದೆಂದು ಹೇಳುವುದೇ ಕಷ್ಟವಾಯಿತು, ಏಕೆಂದರೆ ಮೂರರಲ್ಲೂ ಇದ್ದದ್ದು ಇವನೇ.

ಆದರೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸೂಜಿ ಎಲ್ಲಿಟ್ಟೆನೆಂಬುದೇ ಮರೆತುಹೋಯಿತು. ಇಷ್ಟು ಚೆನ್ನಾಗಿ ಬರೆಯುತ್ತಾಳಾ ಇವಳು? ಇಪ್ಪತ್ತೆರಡು ವರ್ಷ ತಾನು ಊರಿಗೆಲ್ಲ ಹೇಳಿದ ಸುಳ್ಳು ಅಕ್ಷರಶಃ ನಿಜವಾಗಿತ್ತಲ್ಲ ಎಂದು ಅವನ ಎದೆ ಉಬ್ಬಿತು.

ಆಗ ಕೈಗೆ ಬಂತು ಸಂಸಾರದ ಪುಸ್ತಕದ ತೊಂಬತ್ತೊಂದನೇ ಪುಟ.

"ನಮ್ಮ ಮನೆಯವರು ನನ್ನ ಒಂದು ಪುಸ್ತಕವನ್ನೂ ಓದಿಲ್ಲ. ಆದರೂ ಕಂಡವರಿಗೆಲ್ಲ ಹೊಗಳುತ್ತಾರೆ. ಓದಿ ಹೊಗಳುವವರು ನೂರು ಜನ ಸಿಗಬಹುದು. ಓದದೆಯೂ ಇಷ್ಟು ನಂಬುವವರು ನನಗೆ ಇವರೊಬ್ಬರೇ. ಓದುಗರೇ, ನನಗೆ ಗೊತ್ತೆಂದು ದಯವಿಟ್ಟು ಅವರಿಗೆ ಹೇಳಬೇಡಿ."

ಬೈಂಡರಣ್ಣನ ಕಿವಿ ಬಿಸಿಯಾಯಿತು, ಕಣ್ಣು ಮಂಜಾಯಿತು. ಹನ್ನೊಂದು ವರ್ಷದ ಹಿಂದಿನ ಪುಸ್ತಕ, ನಾಲ್ಕು ಸಲ ಅಚ್ಚಾಗಿತ್ತು. ಕ್ಷೌರಿಕ ಓದಿದ್ದ, ಔಷಧಿ ಅಂಗಡಿಯವರು ಓದಿದ್ದರು, ಊರಿಗೆ ಊರೇ ಓದಿ ಬಾಯಿಗೆ ಬೀಗ ಹಾಕಿಕೊಂಡಿತ್ತು. ನಾಲ್ಕು ಸಲವೂ ಆ ಪುಟವನ್ನು ಮಡಚಿ ಹೊಲಿದದ್ದು ಸ್ವತಃ ಅವನೇ.

ತಲೆ ಎತ್ತಿದರೆ ಹೆಂಡತಿ ಬಾಗಿಲಲ್ಲಿದ್ದಳು.

"ಎಲ್ಲಿಗೆ ಬಂತು ಕೆಲಸ?"

"ತೊಂಬತ್ತೊಂದಕ್ಕೆ," ಎಂದ, ಎಳೆಯ ಮಗುವಿನ ದನಿಯಲ್ಲಿ.

ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. "ಅಷ್ಟಕ್ಕೇ ಕಣ್ಣೊರೆಸ್ಕೋಬೇಡಿ. ಹಾಳೆ ತಿರುಗಿಸಿ. ಬೈದಿರೋದು ತೊಂಬತ್ತೆರಡರಲ್ಲಿ."